ನಾನೇ ಹೇಳಿದ ಆಮೆನ್

ನನ್ನ ಪ್ರಾರ್ಥನೆ ನಿಂತುಹೋದಾಗ ಏನೂ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಮನೆಯಲ್ಲಿ ಸಾವಿಲ್ಲ, ಕಾಯಿಲೆಯಿಲ್ಲ, ಕೆಲಸವೂ ಹೋಗಿರಲಿಲ್ಲ. ವಸಂತ್ ಕುಂಜ್‌ನ ಫ್ಲ್ಯಾಟಿನಲ್ಲಿ ದಿನಾ ಬೆಳಿಗ್ಗೆ ಅಡುಗೆಮನೆಯ ಸ್ಟೂಲಿನ ಮೇಲೆ ಬೈಬಲ್ ತೆರೆದು ಕಣ್ಣು ಮುಚ್ಚಿ ಕೂರುತ್ತಿದ್ದೆ. ಒಳಗೆ ಒಂದು ಮಾತೂ ಹುಟ್ಟುತ್ತಿರಲಿಲ್ಲ. ಕುಕ್ಕರಿನ ಮೂರನೆಯ ಸೀಟಿಗೆ ಎದ್ದುಬಿಡುತ್ತಿದ್ದೆ. ಏಳು ತಿಂಗಳು ಹೀಗೇ ಕಳೆಯಿತು.

ಚೋದ್ಯ ನೋಡಿ, ದ್ವಾರಕಾದ ನಮ್ಮ ಪುಟ್ಟ ಕನ್ನಡ ಕೂಟದಲ್ಲಿ ಭಾನುವಾರದ ಪ್ರಾರ್ಥನೆ ನಡೆಸುತ್ತಿದ್ದವಳು ನಾನೇ. ರೂಢಿಯ ಮೇಲೆ ನಾಲಿಗೆ ಓಡುತ್ತಿತ್ತು. ಮುಗಿದ ಮೇಲೆ ಯಾರಾದರೂ, "ಸಿಸ್ಟರ್, ನಿಮ್ಮ ಪ್ರಾರ್ಥನೆ ಕೇಳಿದ್ರೆ ಕಣ್ಣಲ್ಲಿ ನೀರು ಬರುತ್ತೆ" ಅನ್ನುತ್ತಿದ್ದರು. ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು.

ಕೂಟ ಸೇರುತ್ತಿದ್ದದ್ದು ಅಕ್ಕನ ಮನೆಯಲ್ಲಿ. ಒಡಹುಟ್ಟಿದ ಅಕ್ಕನಲ್ಲ, ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು, ಎಲ್ಲರಿಗೂ ಅಕ್ಕ. ದೆಹಲಿಯ ನನ್ನ ಮೊದಲ ಚಳಿಗಾಲದಲ್ಲಿ ಕರೋಲ್ ಬಾಗ್‌ಗೆ ಕರೆದುಕೊಂಡು ಹೋಗಿ, ಅಂಗಡಿಯವನ ಜೊತೆ ಅರ್ಧ ಗಂಟೆ ಜಗಳವಾಡಿ ರಜಾಯಿ ಕೊಡಿಸಿದ್ದರು. ಈ ಊರಿನಲ್ಲಿ ನಾನು ಕಣ್ಣು ಮುಚ್ಚಿ ನಂಬಿದ್ದು ಅವರೊಬ್ಬರನ್ನೇ.

ಜನವರಿಯ ಒಂದು ಶನಿವಾರ ಅವರ ಬಾಲ್ಕನಿಯ ಬಿಸಿಲಿನಲ್ಲಿ ಇಬ್ಬರೂ ಬಟಾಣಿ ಸುಲಿಯುತ್ತಿದ್ದೆವು. ಹೇಳಿಬಿಟ್ಟೆ.

"ಅಕ್ಕ, ನನಗೆ ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ. ಏಳು ತಿಂಗಳಾಯ್ತು. ಆ ಕಡೆ ಯಾರಾದ್ರೂ ಕೇಳಿಸ್ಕೊಳ್ತಿದ್ದಾರೆ ಅಂತಾನೇ ಅನಿಸೋಲ್ಲ."

ಅವರ ಕೈ ನಿಂತಿತು. "ಅಚ್ಛಾ. ಇನ್ಯಾರಿಗೆ ಹೇಳಿದ್ದೀಯ?"

"ನಿಮಗೆ ಮಾತ್ರ. ಯಾರಿಗೂ ಗೊತ್ತಾಗೋದು ಬೇಡ ಅಕ್ಕ."

"ಹುಚ್ಚಿ, ನಾನ್ಯಾರಿಗೆ ಹೇಳ್ಲಿ? ನನಗೂ ದೇವರಿಗೂ ಮಾತ್ರ ಗೊತ್ತಿರುತ್ತೆ, ಆಯ್ತಾ?"

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹೊರಡುವಾಗ ಸುಲಿಯದೆ ಉಳಿದ ಬಟಾಣಿಯನ್ನು ಚೀಲಕ್ಕೆ ತುಂಬಿ ಕೊಟ್ಟರು.

ಮರುದಿನ ಕೂಟದಲ್ಲಿ, ನಾನು ಆರಂಭಿಸುವ ಮೊದಲೇ ಅಕ್ಕ ಎದ್ದು ನಿಂತರು. "ಇವತ್ತು ನಾನು ಪ್ರಾರ್ಥಿಸ್ತೀನಿ" ಎಂದರು. ಎಲ್ಲರೂ ಕಣ್ಣು ಮುಚ್ಚಿದೆವು. ಕಾಯಿಲೆಯವರು, ಪರೀಕ್ಷೆಯ ಮಕ್ಕಳು, ಎಲ್ಲ ಆಯಿತು. ಆಮೇಲೆ ಅವರ ದನಿ ಒದ್ದೆಯಾಯಿತು. "ಕರ್ತನೇ, ನಮಗಾಗಿ ಪ್ರಾರ್ಥಿಸುವ ನಿನ್ನ ಈ ಮಗಳನ್ನು ನೋಡು. ಏಳು ತಿಂಗಳಿಂದ ಅವಳ ಬಾಯಲ್ಲಿ ಮಾತ್ರ ನೀನಿದ್ದೀಯ, ಮನಸ್ಸಿನಲ್ಲಿಲ್ಲ. ನೀನು ಕೇಳ್ತೀಯ ಅನ್ನೋ ನಂಬಿಕೆಯೇ ಅವಳಿಗೆ ಹೋಗಿದೆ. ಕನಿಕರಿಸು, ತಂದೆಯೇ."

ಬೇರೆ ಮಾತಾಗಿದ್ದರೆ ತಡೆಯಬಹುದಿತ್ತು. ಪ್ರಾರ್ಥನೆಯನ್ನು ಯಾರು ತಡೆಯುತ್ತಾರೆ? ಮುಗಿದಾಗ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಅಂದವಳು ನಾನು. ವರ್ಷಗಳ ಅಭ್ಯಾಸ. ಕಣ್ಣು ಬಿಟ್ಟರೆ ಹದಿನೈದು ಜನ ನನ್ನನ್ನೇ ನೋಡುತ್ತಿದ್ದರು.

ಎಲ್ಲರೂ ಚಹಾಕ್ಕೆ ಎದ್ದಾಗ ಅಕ್ಕನನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದೆ. "ಯಾರಿಗೂ ಹೇಳಲ್ಲ ಅಂದಿದ್ರಿ."

"ನಾನ್ಯಾರಿಗೆ ಹೇಳ್ದೆ?" ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ದೇವರಿಗೆ ತಾನೇ ಹೇಳಿದ್ದು?"

ನೆಚ್ಚಿದ ಎಮ್ಮೆ ಕೋಣ ಈಯಿತು ಅನ್ನುತ್ತಾರಲ್ಲ, ಅದು ನನ್ನ ಪಾಲಿಗೆ ಬರೀ ಗಾದೆಯಾಗಿ ಉಳಿಯಲಿಲ್ಲ. ಪ್ರಾರ್ಥನೆ ನಡೆಸುವ ಹೊಣೆಯನ್ನು ಅಕ್ಕ ಮುಂದಿನ ವಾರದಿಂದ ಬೇರೆಯವರಿಗೆ ಕೊಟ್ಟರು, "ನಿನಗೆ ವಿಶ್ರಾಂತಿ ಬೇಕು" ಅಂತ.

ಸೋಮವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಆ ಚೀಲದ ಬಟಾಣಿ ಸುಲಿಯುತ್ತಾ ಕೂತೆ. ಮೈಯೆಲ್ಲ ಉರಿಯುತ್ತಿತ್ತು. ಯಾರ ಹತ್ತಿರ ಹೇಳಿಕೊಳ್ಳಲಿ? ಹೇಳಿಕೊಳ್ಳುತ್ತಿದ್ದ ಒಬ್ಬರೇ ಹೀಗೆ ಮಾಡಿದ್ದರು. ಬಾಯಿಗೆ ಬಂದಂತೆ ಬೈಯತೊಡಗಿದೆ. "ಕೇಳಿಸ್ಕೊಂಡೆಯಾ ಅವರು ಅಂದಿದ್ದನ್ನ? ಅವರ ಬಾಯಿ ಮುಚ್ಚಿಸೋಕೆ ಆಗ್ಲಿಲ್ವಾ ನಿನಗೆ? ನಾವೆಲ್ಲ ಕಣ್ಣು ಮುಚ್ಕೊಂಡಿದ್ವಿ ಸರಿ, ನೀನೂ ಮುಚ್ಕೊಂಡಿದ್ದೆಯೇನು? ಏಳು ತಿಂಗಳು ದಿನಾ ಬಂದು ಕೂತೆ, ಒಂದು ಮಾತು ಆಡಿದೆಯಾ?" ಅಳುತ್ತಾ ಎಷ್ಟು ಹೊತ್ತು ಕೇಳಿದೆನೋ. ಕುಕ್ಕರ್ ಎಷ್ಟು ಸೀಟಿ ಹಾಕಿತೋ ತಿಳಿಯಲಿಲ್ಲ. ಬೇಳೆ ಸೀದ ವಾಸನೆ ಬಂದಾಗಲೇ ಎದ್ದದ್ದು.

ಒಲೆ ಆರಿಸಿ ನಿಂತಾಗ ಹೊಳೆಯಿತು, ನಾನು ಇಷ್ಟು ಹೊತ್ತು ಮಾತಾಡಿದ್ದು ಯಾರ ಜೊತೆ ಅಂತ.

ಅಂದಿನಿಂದ ದಿನಾ ಮಾತಾಡುತ್ತೇನೆ. ಹೆಚ್ಚಿನದು ಜಗಳವೇ. ಕೂಟಕ್ಕೂ ಬಿಡದೆ ಹೋಗುತ್ತೇನೆ. ಅಕ್ಕನ ಮೇಲಿನ ಸಿಟ್ಟಿಗೆ ದೇವರನ್ನು ಬಿಟ್ಟುಕೊಡಲು ನಾನೇನು ದಡ್ಡಿಯಲ್ಲ. ಆದರೆ ಕ್ಷಮಿಸಿಲ್ಲ. ಕ್ಷಮಿಸಬೇಕೆಂದು ಗೊತ್ತು, ಆಗುತ್ತಿಲ್ಲ.

ಪ್ರತಿ ಭಾನುವಾರ ನನಗಾಗಿ ಪ್ರಾರ್ಥನೆ ನಡೆಯುತ್ತಲೇ ಇದೆ. ಬಾಗಿಲಲ್ಲಿ ಅಕ್ಕ ನನ್ನ ಕೈ ಹಿಡಿದು ಕೇಳುತ್ತಾರೆ, "ಈಗ ಹೇಗಿದೆಯೇ? ಸ್ವಲ್ಪನಾದ್ರೂ ಪ್ರಾರ್ಥನೆ ಮಾಡೋಕಾಗ್ತಿದೆಯಾ?"

ಹೌದು ಅಂದರೆ ಮುಂದಿನ ವಾರವೇ ಅದು, ತಮ್ಮ ಪ್ರಾರ್ಥನೆ ಫಲಿಸಿತೆಂದು ಕೂಟದ ಮುಂದೆ ಅವರು ಹೇಳುವ ಸಾಕ್ಷಿಯಾಗುತ್ತದೆ.

"ಇಲ್ಲ ಅಕ್ಕ," ಅನ್ನುತ್ತೇನೆ. "ನೀವು ಮಾಡ್ತಾ ಇರಿ."

ಆಮೇಲೆ ಆಟೋ ಹತ್ತಿ, ಹೇಳಿದ ಸುಳ್ಳನ್ನು ಅವನ ಹತ್ತಿರ ಒಪ್ಪಿಕೊಳ್ಳುತ್ತೇನೆ, ತುಟಿ ಅಲ್ಲಾಡಿಸದೆ.