ಹೊಟ್ಟೆಯ ಮೇಲೊಂದು ಕಣ್ಣು

ಐವತ್ತು ದಾಟಿದ ಗಂಡಸು ತಲೆ ಬಗ್ಗಿಸಿದಾಗ ಅವನಿಗೆ ತನ್ನ ಪಾದಗಳು ಕಾಣಲೇಬೇಕೆಂಬ ನಿಯಮವೇನೂ ಇಲ್ಲ. ನನಗಂತೂ ಕೆಲವು ವರ್ಷಗಳಿಂದ ಸ್ವಪಾದದರ್ಶನ ನಿಂತುಹೋಗಿದೆ. ಚಪ್ಪಲಿ ಅದಲುಬದಲಾಗಿದೆಯೆಂಬುದು ಎಡವಿದ ಮೇಲೆಯೇ ತಿಳಿಯುತ್ತದೆ. ನಡುವೆ ಉದರವೆಂಬ ಪ್ರಸ್ಥಭೂಮಿಯೊಂದು ಯಾರ ಅನುಮತಿಯನ್ನೂ ಕೇಳದೆ ಎದ್ದು ನಿಂತಿದೆ. ಕೊರಳಿಗೆ ಕ್ಯಾಮೆರಾ ಹಾಕಿಕೊಂಡರೆ ಅದು ತೂಗಾಡುವುದಿಲ್ಲ, ಜಮಖಾನೆಯ ಮೇಲೆ ಕೂತ ಹಿರಿಯರಂತೆ ಅಲ್ಲಿ ನೆಮ್ಮದಿಯಾಗಿ ಆಸೀನವಾಗುತ್ತದೆ. ಈ ಆಸನದಿಂದಲೂ ಒಂದು ಉಪಯೋಗವುಂಟೆಂದು ನನಗೆ ಹೊಳೆದದ್ದು ಹೋದ ಬೇಸಿಗೆಯಲ್ಲಿ, ಯಲಬುರ್ಗಾದ ನನ್ನ ಅಕ್ಕನ ದೆಸೆಯಿಂದ.

ಶಾಂತಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳ ಮೇಲಿನ ಸಾಲಿನಲ್ಲಿ ಒಂದು ಸೊಟ್ಟ ಹಲ್ಲಿತ್ತು. ಅವಳು ನಕ್ಕರೆ ಉಳಿದ ಹಲ್ಲುಗಳಿಗಿಂತ ಅದೇ ಮೊದಲು ಹೊರಗೆ ಬಂದು ಯಾರು ಬಂದರೆಂದು ನೋಡುತ್ತಿತ್ತು. ಬೀಗರಾಗುವವರಿಗೆ ಕಳಿಸಲು ಫೋಟೋ ಬೇಕೆಂದು ಅವಳನ್ನು ಕೊಪ್ಪಳದ ಒಂದು ಸ್ಟುಡಿಯೋಕ್ಕೆ ಕರೆದೊಯ್ದ ದಿನ ನಾನೂ ಲಂಗೋಟಿ ಗೆಳೆಯರನ್ನೆಲ್ಲ ಬಿಟ್ಟು ಹಟ ಹಿಡಿದು ಹೋಗಿದ್ದೆ. ಕರಿ ಬಟ್ಟೆಯಿಂದ ತಲೆ ಹೊರಹಾಕಿದ ಆ ಮಹಾನುಭಾವ, "ಬಾಯಿ ಮುಚ್ಚವಾ, ಹಲ್ಲ ಕಾಣ್ತಾವ" ಎಂದ. ಅಂದು ಮುಚ್ಚಿದ ಬಾಯಿ ಕ್ಯಾಮೆರಾದ ಮುಂದೆ ಮತ್ತೆ ತೆರೆಯಲಿಲ್ಲ. ಮದುವೆ, ಕುಬಸ, ತೊಟ್ಟಿಲು, ಯಾವ ಸಮಾರಂಭದ ಚಿತ್ರ ತೆಗೆದು ನೋಡಿದರೂ ಅವಳು ರೇಷನ್ ಕಾರ್ಡಿನಿಂದ ಕತ್ತರಿಸಿ ಅಂಟಿಸಿದವಳ ಹಾಗಿದ್ದಾಳೆ. ಕ್ಯಾಮೆರಾ ಇಲ್ಲದಾಗಲೂ ನಗು ಬಂದರೆ ಮೊದಲು ಅಂಗೈ ಬಾಯಿಗೆ ಹೋಗುತ್ತದೆ.

ಈಗ ದಂತವೈದ್ಯರು ಅವಳ ಹಲ್ಲುಗಳೆಲ್ಲ ಸಡಿಲವಾಗಿವೆ, ಮುಂದಿನ ವಾರ ತೆಗೆದು ಹೊಸ ಸೆಟ್ ಕೂರಿಸೋಣ ಎಂದಿದ್ದರು. ಅಕ್ಕನಿಗೆ ಸಂತೋಷ. ನನಗೆ ಮಾತ್ರ ಸಂಕಟವಾಯಿತು. ಅಮ್ಮ ಹೊಲಕ್ಕೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ನಗಿಸುತ್ತಿದ್ದವಳ ಮುಖದಲ್ಲಿ ನಾನು ಮೊದಲು ಗುರುತಿಸಿದ್ದೇ ಆ ಹಲ್ಲನ್ನು. ಅದು ಹೋಗುವ ಮುನ್ನ ಅಕ್ಕ ಬಾಯಿತುಂಬ ನಗುವ ಒಂದೇ ಒಂದು ಚಿತ್ರ ನನಗೆ ಬೇಕಾಗಿತ್ತು.

ಮೊಬೈಲಿನಲ್ಲಿ ಹಿಡಿಯಬಹುದಿತ್ತಲ್ಲ ಎನ್ನುತ್ತೀರಿ. ಮೊಬೈಲು ಕಿವಿಯಿಂದ ಸರಿದು ಕಣ್ಣಿನ ಮುಂದೆ ಬಂದಿತೆಂದರೆ ಅಕ್ಕನ ಸೆರಗು ಬಾಯಿಗೆ ಏರಿರುತ್ತದೆ. ಆದುದರಿಂದ ಹಳೆಯ ಕಾಲದ ಉಪಾಯವೊಂದನ್ನು ನೆನೆದೆ: ಕೆಲವು ಕ್ಯಾಮೆರಾಗಳನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ಮೇಲಿನಿಂದ ಬಗ್ಗಿ ನೋಡಿ, ಚಿತ್ರ ತೆಗೆಯುತ್ತಿದ್ದರು. ಬಗ್ಗಿದ ತಲೆಯ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ನನ್ನ ಹಳೆಯ ಕ್ಯಾಮೆರಾಕ್ಕೆ ಅಂಥ ಸೌಕರ್ಯವಿಲ್ಲವಾದರೂ ಕುಷ್ಟಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಅದು ಯಾವ ಮಹಾ ಕೆಲಸ? ಮುಂದೊಂದು ಭೂತಗನ್ನಡಿ, ಒಳಗೆ ಓರೆಯಾಗಿ ನಿಲ್ಲಿಸಿದ ಕನ್ನಡಿಚೂರು, ಮೇಲೆ ಚಿತ್ರ ಮೂಡಲು ಮಂಜುಗಾಜು, ಬಿಸಿಲು ತಡೆಯಲು ಸುತ್ತ ಗೋಡೆ. ಎರಡು ಸಂಜೆ ಕೂತು ಗಾಜನ್ನು ಉಜ್ಜುವ ಪುಡಿಯಿಂದ ತಿಕ್ಕಿ ಮಂಜು ಮಾಡಿದೆ. ಮನೆಯಲ್ಲಿ ಒಂದು ಲೋಟವನ್ನೂ ತೊಳೆಯದವನು ಹೊಳೆಯುವ ಗಾಜನ್ನು ಹೊಳೆಯದಂತೆ ತಿಕ್ಕುತ್ತಿರುವುದನ್ನು ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

ಪೆಟ್ಟಿಗೆಗಾಗಿ ಗಂಗಾವತಿಯ ಖಾಜಾಸಾಬರ ಬಳಿ ಹೋದೆ. ಅಜ್ಜನ ಕಾಲದಿಂದ ಅವರದು ತಗಡಿನ ಟ್ರಂಕು ಮಾಡುವ ಮನೆತನ. ನಕಾಶೆ ನೋಡಿ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪೆಟ್ಟಿಗೆಯನ್ನು ಅರ್ಧ ದಿನದಲ್ಲಿ ಮಡಚಿ ಬೆಸೆದು ಕೈಗಿತ್ತರು. ಕೆಲಸದಲ್ಲಿ ಕೂದಲೆಳೆಯ ದೋಷವಿರಲಿಲ್ಲ. ಹಸಿರು ಬಣ್ಣ ಬಳಿದು, ಮುಚ್ಚಳದ ಮೇಲೊಂದು ಗುಲಾಬಿ ಬರೆದು, ಬೀಗ ಹಾಕಲು ಕೊಂಡಿಯನ್ನೂ ಇಟ್ಟಿದ್ದರು. ಇದರೊಳಗೆ ಬೆಳಕಿನ ಹೊರತು ಕದಿಯುವಂಥದ್ದು ಏನೂ ಇರುವುದಿಲ್ಲವೆಂದು ನಾನು ವಿನಯದಿಂದಲೇ ನಿವೇದಿಸಿದೆ.

"ಬೆಳಕರ ಇರ್ಲಿ, ಬಂಗಾರರ ಇರ್ಲಿ ಸರ," ಎಂದರು ಖಾಜಾಸಾಬರು. "ಕೊಂಡಿ ಇಲ್ಲದ ಪೆಟಗಿ ನಮ್ಮ ಅಂಗಡಿಯಿಂದ ಇವತ್ತಿನ ತನಾ ಹೊರಗ ಹೋಗಿಲ್ರಿ."

ಮನೆತನದ ಮರ್ಯಾದೆಯ ಮುಂದೆ ಭೌತಶಾಸ್ತ್ರ ಸುಮ್ಮನಾಯಿತು. ಪೆಟ್ಟಿಗೆಯನ್ನು ಕ್ಯಾಮೆರಾದ ನೆತ್ತಿಯ ಮೇಲೆ ಸಿಕ್ಕಿಸಿ ಮೊದಲ ಚಿತ್ರ ಅವರದನ್ನೇ ತೆಗೆದೆ. ಅಂಗಿಯ ಗುಂಡಿ, ಕೈಯ ಸುತ್ತಿಗೆ, ಎಲ್ಲ ಸ್ಪಷ್ಟವಾಗಿ ಬಂದಿತ್ತು, ತಲೆ ಇರಲಿಲ್ಲ. ಪೆಟ್ಟಿಗೆ ಮೇಲಿದೆ, ಕ್ಯಾಮೆರಾದ ಕಣ್ಣು ಕೆಳಗಿದೆ. ಹತ್ತಿರದವರನ್ನು ಹಿಡಿಯುವಾಗ ಕ್ಯಾಮೆರಾವನ್ನು ತುಸು ಮೇಲಕ್ಕೆ ವಾಲಿಸದಿದ್ದರೆ ಶಿರಶ್ಛೇದ ಖಚಿತ. ಸುತ್ತಿಗೆ ಛಲೋ ಬಂದಿದೆಯೆಂದು ಅವರು ನನ್ನನ್ನೇ ಸಮಾಧಾನಪಡಿಸಿದರು.

ಯಲಬುರ್ಗಾಕ್ಕೆ ಹೋದಾಗ ಅಕ್ಕ ಅಂಗಳದಲ್ಲಿ ಓಣಿಯ ಹೆಂಗಸರೊಂದಿಗೆ ಶ್ಯಾವಿಗೆ ಒಣಗಿಸುತ್ತಿದ್ದಳು. ಮಾತು, ಚಾಷ್ಟಿ-ತಮಾಷೆ ಭರ್ಜರಿಯಾಗಿ ನಡೆದಿತ್ತು. ನಾನು ಬೇವಿನ ಗಿಡದ ಕೆಳಗೆ ತಲೆ ಬಗ್ಗಿಸಿ, ಹೊಟ್ಟೆಯ ಮೇಲಿನ ಹಸಿರು ಪೆಟ್ಟಿಗೆಯೊಳಗೆ ಹೆಬ್ಬೆರಳಿನಷ್ಟೂ ಇಲ್ಲದ ಅಕ್ಕನನ್ನು ನೋಡುತ್ತ ನಿಂತೆ. ಇನ್ನೇನು ನಗಬೇಕು, ಅಷ್ಟರಲ್ಲಿ ಕೊಂಡಿ ಟಣ್ ಎಂದಿತು. ಅಕ್ಕ ತಿರುಗಿ ನೋಡಿದಳು.

"ಯಾಕೋ ತಮ್ಮಾ, ತಲಿ ಬಗ್ಗಿಸಿ ನಿಂತಿ. ಏನರ ಕಳಕೊಂಡಿಯೇನು?"

ಇನ್ನೂ ಕಳೆದುಕೊಂಡಿಲ್ಲ ಎನ್ನಬೇಕೆನಿಸಿತು. ಹೂಂ ಎಂದಷ್ಟೇ ಹೇಳಿದೆ. ಅವಳು ಶ್ಯಾವಿಗೆಯ ಕೋಲು ಹಿಡಿದು ಎಡಕ್ಕೆ ನಡೆದಳು. ಪೆಟ್ಟಿಗೆಯಲ್ಲಿ ಅವಳು ಬಲಕ್ಕೆ ಹೋದಳು, ನಾನೂ ಬಲಕ್ಕೆ ತಿರುಗಿದೆ, ಪೆಟ್ಟಿಗೆ ಖಾಲಿಯಾಯಿತು. ಕನ್ನಡಿಯಲ್ಲಿ ಎಡಬಲಗಳು ಅದಲುಬದಲಾಗುತ್ತವೆಂದು ವರ್ಷವರ್ಷವೂ ಮಕ್ಕಳಿಂದ ಹೇಳಿಸಿ, ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನೇ. ಆ ಮಕ್ಕಳ ಶಾಪಗಳೆಲ್ಲ ಒಟ್ಟಿಗೆ ಫಲಿಸಿದಂತೆ ಅಕ್ಕ ಹೋದ ದಿಕ್ಕಿಗೆ ಬೆನ್ನು ಮಾಡಿ ನಾಲ್ಕು ಹೆಜ್ಜೆ ಇಟ್ಟೆ. ಪಾದ ಕಾಣದವನಿಗೆ ಪಾದದ ಮುಂದಿನದು ಕಾಣುವುದುಂಟೆ? ಎಮ್ಮೆಗೆ ನೀರಿಡುವ ಕಲ್ಲಿನ ದೋಣಿಯಲ್ಲಿ ನಾನು ಸಾವಕಾಶವಾಗಿ, ಕ್ಯಾಮೆರಾವನ್ನು ಮಾತ್ರ ಎರಡೂ ಕೈಯಿಂದ ಮೇಲೆತ್ತಿ, ಕುಳಿತುಬಿಟ್ಟೆ.

ಅಕ್ಕ ಓಡಿ ಬಂದು ಮೊದಲು ಕ್ಯಾಮೆರಾವನ್ನು ಕಾಪಾಡಿದಳು. ಆಮೇಲೆ ನನ್ನನ್ನು ಎಬ್ಬಿಸಬಹುದಿತ್ತು. ಗುಲಾಬಿ ಕಂಡು ಕುತೂಹಲವಾಗಿ, ನನ್ನಂತೆಯೇ ಅದನ್ನು ಹೊಟ್ಟೆಗೆ ಆನಿಸಿ ಒಳಗೆ ಬಗ್ಗಿ ನೋಡಿದಳು. ಹೆಂಗಸರೆಲ್ಲ ನೋಡುತ್ತಿದ್ದರು. ನಾನು ಉಸಿರು ಹಿಡಿದು, ಹೊಟ್ಟೆ ಒಳಗೆಳೆದು, ತುಟಿ ಬಿಗಿದು, ಎಮ್ಮೆಯ ನೀರಿನಲ್ಲಿ ಕೂತೇ ರೇಷನ್ ಕಾರ್ಡಿನ ಮುಖ ಮಾಡಿದೆ.

"ಬಾಯಿ ಯಾಕ ಮುಚ್ಚಿದ್ಯೋ?" ಎಂದಳು ಅಕ್ಕ. "ತಗಿ, ನಗು."

ಎಂದವಳಿಗೆ ತಾನೇ ತಡೆಯಲಾಗಲಿಲ್ಲ. ಎರಡೂ ಕೈ ಕ್ಯಾಮೆರಾದ ಮೇಲೆ. ಬಾಯಿ ಮುಚ್ಚಲು ಮೂರನೆಯದು ಅವಳಿಗಿರಲಿಲ್ಲ. ನನ್ನಿಂದ ಎರಡು ಮಾರು ದೂರದಲ್ಲಿ, ತಡೆಯಿಲ್ಲದ ಬಿಸಿಲಿನಲ್ಲಿ, ಶಾಂತಕ್ಕ ಬಾಯಿತುಂಬ ನಕ್ಕಳು. ಸೊಟ್ಟ ಹಲ್ಲು ಎಲ್ಲಕ್ಕಿಂತ ಮೊದಲು ಹೊರಗೆ ಬಂತು. ಕ್ಯಾಮೆರಾವನ್ನು ತುಸು ಮೇಲಕ್ಕೆ ವಾಲಿಸೆಂದು ಹೇಳುವುದು ನನಗೆ ಮರೆತೇಹೋಯಿತು. ಅವಳು ಗುಂಡಿ ಒತ್ತಿದಳು.

ಹಲ್ಲು ತೆಗೆಸಿದ್ದಾಯಿತು, ಹೊಸ ಸೆಟ್ಟೂ ಬಂತು. ಆ ದಿನದ ಚಿತ್ರಕ್ಕೆ ಅಕ್ಕ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ನೇತುಹಾಕಿದ್ದಾಳೆ. ಅದರಲ್ಲಿರುವುದು ದೋಣಿ, ಒದ್ದೆ ಅಂಗಿ ಮತ್ತು ನನ್ನ ಹೊಟ್ಟೆ. ತಲೆಯಿಲ್ಲ, ಹಾಗಾಗಿ ಯಾರಾದರೂ ಹಾರ ಹಾಕುತ್ತಾರೆಂಬ ಭಯವೂ ಇಲ್ಲ. ಬಂದವರೆಲ್ಲ ಇದು ಯಾರೆಂದು ಕೇಳುತ್ತಾರೆ. ಅಕ್ಕ ಮೊದಲಿನಿಂದ ಕತೆ ಹೇಳಿ ನಗುತ್ತಾಳೆ. ಅಂಗೈ ಅಭ್ಯಾಸದಿಂದ ಅರ್ಧ ಮೇಲೆದ್ದು, ಮುಚ್ಚಬೇಕಾದ್ದು ಇಲ್ಲವೆಂದು ನೆನಪಾಗಿ ಕೆಳಗಿಳಿಯುತ್ತದೆ. ಹೊಸ ಹಲ್ಲುಗಳು ಸಾಲಾಗಿ, ಶಿಸ್ತಾಗಿ, ಅಪರಿಚಿತರಂತೆ ಹೊಳೆಯುತ್ತವೆ.

ಆಗ ನಾನು ತಲೆ ಬಗ್ಗಿಸುತ್ತೇನೆ. ನಾಚಿಕೆಗೆಂದು ಬಂದವರು ತಿಳಿಯುತ್ತಾರೆ. ಪಾದಗಳು ಈಗಲೂ ಕಾಣುವುದಿಲ್ಲ. ಸೊಟ್ಟ ಹಲ್ಲು ಕಾಣುತ್ತದೆ.