ಬ್ರೇಕ್ ಎಣ್ಣೆಯೊಳಗಿನ ಗುಳ್ಳೆ

ಕೌತಾಳಂ ರಸ್ತೆಯಲ್ಲಿ ಕುರಿಮಂದೆ ಅಡ್ಡ ಬಂದಾಗ ನಾನು ಬ್ರೇಕ್ ತುಳಿದೆ. ಅರಳೆ ರಾಶಿಯಲ್ಲಿ ಕಾಲಿಟ್ಟ ಹಾಗೆ ಪೆಡಲ್ ಮೆತ್ತಗೆ ತಳಕ್ಕೆ ಹೋಯಿತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹೇಗೋ ನಿಲ್ಲಿಸಿದೆ. ಕೊನೆಯ ಕುರಿ ನನ್ನ ಕಡೆ ತಿರುಗಿಯೂ ನೋಡದೆ ದಾಟಿ ಹೋಯಿತು. ಪಕ್ಕದಲ್ಲಿದ್ದ ಅತ್ತೆ ಮಾತ್ರ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡು, ತಮಗೆ ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಿದ್ದರು.

ಹಳೆಯ ಕಾರು, ಆದರೆ ನನ್ನದು. ಕೌತಾಳಂ ಹತ್ತಿರದ ಕನ್ನಡ ಶಾಲೆಯಲ್ಲಿ ನಾನು ವಿಜ್ಞಾನ ಹೇಳುತ್ತೇನೆ. ಆದೋನಿಯಿಂದ ಅಲ್ಲಿಗೆ ವರ್ಷಗಟ್ಟಲೆ ಬಸ್ಸಿನ ಕಂಬಿಗೆ ಜೋತುಬಿದ್ದು ಹೋಗಿಬಂದವಳಿಗೆ ಸ್ಟೀರಿಂಗ್ ಕೈಗೆ ಸಿಕ್ಕರೆ ಹೇಗಿರುತ್ತದೆ, ಹೇಳಿ. ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ ನನಗೆ. ಆ ಖುಷಿಯನ್ನು ಯಜಮಾನರು ಆ ದಿನ ಒಂದೇ ಮಾತಿನಲ್ಲಿ ಮುಗಿಸಿದರು.

"ಕುರಿ ಇದ್ವು, ಉಳದ್ವಿ. ಕೂಸು ಇದ್ದಿದ್ರ? ಆದಿವಾರ ಸಂಜಿಗೆ ವಾಪಸ್ ಕೊಟ್ಟುಬಿಡ್ತೀನಿ."

ಕಾರು ಕೊಟ್ಟವರು ಅವರು ಕೆಲಸ ಮಾಡುವ ಮಿಲ್ಲಿನವರೇ, ವಾಪಸ್ ತೆಗೆದುಕೊಳ್ಳಲು ಒಪ್ಪಿಯೂ ಆಗಿತ್ತು. ಹಿಂದಿನ ವಾರವಷ್ಟೇ ಬ್ರೇಕಿನ ಪೈಪು ಬದಲಿಸಿದ ಮೆಕ್ಯಾನಿಕ್ ನೆಂಟರ ಮದುವೆಗೆಂದು ಎಮ್ಮಿಗನೂರಿಗೆ ಹೋಗಿದ್ದ, ಫೋನು ಎತ್ತುತ್ತಿರಲಿಲ್ಲ.

ಶನಿವಾರ ಶಾಲೆಯಲ್ಲಿ ಸಿರಿಂಜಿನ ಪಾಠವಿತ್ತು. ದೊಡ್ಡ ಸಿರಿಂಜಿನ ತುಂಬ ನೀರು ಎಳೆದು, ಬಾಯಿಗೆ ಬೆರಳು ಒತ್ತಿ ಹಿಡಿದು, ಈಗ ದೂಡ್ರಿ ನೋಡೋಣ ಅಂದೆ. ತರಗತಿಯ ಗಟ್ಟಿ ಹುಡುಗಿಯರೆಲ್ಲ ಬಂದು ದೂಡಿದರು, ಕೂದಲೆಳೆಯಷ್ಟೂ ಸರಿಯಲಿಲ್ಲ. "ಈ ನೀರಿಗೆ ಎಷ್ಟು ಸೊಕ್ಕು ಐತ್ರಿ ಮೇಡಂ" ಅಂದಳು ಒಬ್ಬಳು. ಸಮುದ್ರದ ತಳದಲ್ಲಿ, ಅಷ್ಟೊಂದು ನೀರಿನ ಭಾರ ಮೇಲೆ ಬಿದ್ದರೂ ನೀರು ಕುಗ್ಗುವುದು ತೀರಾ ಸ್ವಲ್ಪ ಎಂದು ಹೇಳುತ್ತ, ಸಿರಿಂಜಿನೊಳಗೆ ಒಂದು ಗುಳ್ಳೆ ಗಾಳಿ ಬಿಟ್ಟು ಮತ್ತೆ ದೂಡಲು ಕೊಟ್ಟೆ. ಈ ಸಲ ಹಿಡಿಕೆ ಮೆತ್ತಗೆ ಒಳಗೆ ಹೋಯಿತು. ಆ ಮೆತ್ತಗೆ! ನನ್ನ ಬಲಗಾಲಿಗೆ ಅದರ ಗುರುತು ಸಿಕ್ಕಿತು. ಬ್ರೇಕಿನೊಳಗೆ ಇರುವುದು ಎಣ್ಣೆ. ನೀರಿನ ಹಾಗೆ ಅದೂ ಕುಗ್ಗುವುದಿಲ್ಲ, ಅದಕ್ಕೇ ಕಾಲಿನ ಒತ್ತಡ ಚಕ್ರಕ್ಕೆ ಮುಟ್ಟುತ್ತದೆ. ಹೊಸ ಪೈಪಿನ ಜೊತೆ ಗಾಳಿ ಸೇರಿದೆ, ಕುಗ್ಗುತ್ತಿರುವುದು ಅದು. ಪಾಠ ಅಲ್ಲಿಗೇ ಬಿಟ್ಟು ಕುಣಿಯಬೇಕು ಅನ್ನಿಸಿತು.

ಯಜಮಾನರಿಗೆ ಅವರ ಭಾಷೆಯಲ್ಲೇ ಹೇಳಿದೆ. ಅವರು ಜಿನ್ನಿಂಗ್ ಮಿಲ್ಲಿನ ಪ್ರೆಸ್ಸಿನಲ್ಲಿ ಕೆಲಸ ಮಾಡುವವರು. ಕೋಣೆ ತುಂಬುವ ಹತ್ತಿಯನ್ನು ಒಂದೇ ಬಿಗಿ ಮೂಟೆಗೆ ಇಳಿಸುವ ಯಂತ್ರ ಅದು. ಹತ್ತಿಯ ತುಂಬ ಗಾಳಿ, ಅದು ಕುಗ್ಗುತ್ತದೆ. ಒತ್ತುವ ಎಣ್ಣೆ ಕುಗ್ಗುವುದಿಲ್ಲ, ಅದು ಒತ್ತುತ್ತದೆ ಅಂದೆ. ಅಷ್ಟು ಗೊತ್ತಿದ್ದರೆ ಸಂಜೆಯೊಳಗೆ ಗಾಳಿ ತೆಗೆದು ತೋರಿಸು ಅಂತ ಹೇಳಿ ಭಾನುವಾರ ಬೆಳಿಗ್ಗೆ ಮಿಲ್ಲಿಗೆ ಹೋದರು.

ಗಾಳಿ ತೆಗೆಯಲು ಇಬ್ಬರು ಬೇಕು. ಮೇಲೆ ಕೂತವರು ಪೆಡಲ್ ಒತ್ತಿ ಹಿಡಿಯಬೇಕು, ಕೆಳಗಿನವರು ಚಕ್ರದ ಹತ್ತಿರದ ಸಣ್ಣ ನಟ್ಟು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲು ಕಾಲು ತೆಗೆದರೆ ಹೊರಗಿನ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಮನೆಯಲ್ಲಿದ್ದವರು ಅತ್ತೆ ಒಬ್ಬರೇ. ಗೋನೆಗಂಡ್ಲದ ತೆಲುಗು ಅವರದು, ಹಾಲಹರವಿಯ ಕನ್ನಡ ನನ್ನದು. ಅವರು ತೆಲುಗಲ್ಲಿ ಬೈದರೆ ನಾನು ಕನ್ನಡದಲ್ಲಿ ಉತ್ತರ ಕೊಡುತ್ತೇನೆ, ಸಂಸಾರ ಚೆನ್ನಾಗಿ ನಡೆದಿದೆ. ಸೀರೆ ನೆರಿಗೆ ಎತ್ತಿಕಟ್ಟಿ ಡ್ರೈವರ್ ಸೀಟಿನಲ್ಲಿ ಕೂತ ಅವರ ಕಾಲನ್ನು ಪೆಡಲ್ ಮೇಲೆ ಇಟ್ಟು, ಕೆಲಸ ವಿವರಿಸಿ, ನಾನು ನಟ್ಟು ತಿರುಗಿಸುವ ಪಾನಾ ಹಿಡಿದು ಚಕ್ರದ ಪಕ್ಕ ಮಲಗಿದೆ.

ಅವರು ಪೆಡಲ್ ಒತ್ತಿ ಹಿಡಿದ ಮೇಲೆ ನಟ್ಟು ಸಡಿಲಿಸಿ, ಕಾಲು ಬಿಡದಿರಲಿ ಅಂತ "ಒತ್ತು" ಎಂದು ಕೂಗಿದೆ. ಪೆಡಲ್ ಟಪ್ಪನೆ ಮೇಲೆದ್ದ ಸದ್ದು. ನಟ್ಟಿಗೆ ಸಿಕ್ಕಿಸಿದ್ದ ನಳಿಗೆಯಲ್ಲಿ ಗುಳ್ಳೆಗಳು ಸಾಲಾಗಿ ಒಳಗೆ ಓಡಿದವು. ಮತ್ತೆ ಮಾಡಿದೆವು, ಮತ್ತೆ ಹಾಗೇ. ನಾನು ಗಟ್ಟಿಯಾಗಿ ಕೂಗಿದಷ್ಟೂ ಅವರು ಬೇಗ ಕಾಲು ತೆಗೆಯುತ್ತಿದ್ದರು. ಬಿಸಿಲು ಏರಿತು, ಎಣ್ಣೆ ಮುಗಿಯುತ್ತ ಬಂತು, ನನ್ನ ತಲೆಯೂ ಕೆಟ್ಟಿತು. ಈ ಕಾರು ಹೋಗಲಿ ಅಂತಲೇ ಮಾಡುತ್ತಿದ್ದಾರೆ ಅನ್ನಿಸಿತು. ಎದ್ದು ಬಂದು, ಒತ್ತು ಅಂದರೆ ಯಾಕೆ ಬಿಡ್ತೀರಿ ಎಂದು ಕೇಳಿಯೇಬಿಟ್ಟೆ.

"ನುವ್ವೇ ಒದ್ದಂಟಿವಿ ಗದಮ್ಮಾ, ಅಂದುಕೇ ಕಾಲು ತೀಸ್ತಿ" ಅಂದರು ಅತ್ತೆ. ನೀನೇ ಬೇಡ ಅಂದೆಯಲ್ಲ, ಅದಕ್ಕೇ ಕಾಲು ತೆಗೆದೆ.

ತೆಲುಗಿನಲ್ಲಿ ಒದ್ದು ಅಂದರೆ ಬೇಡ! ನನ್ನ 'ಒತ್ತು' ಅವರ ಕಿವಿಗೆ 'ಒದ್ದು' ಆಗಿ ಬಿದ್ದಿತ್ತು. ಆದರೆ ಇಷ್ಟು ವರ್ಷ ನನ್ನ ಕನ್ನಡವೆಲ್ಲ ತಿಳಿದವರಿಗೆ ಇದೊಂದು ಯಾಕೆ ತಿಳಿಯಲಿಲ್ಲ ಎಂದರೆ, ಅದಕ್ಕೂ ಅವರ ಹತ್ತಿರ ಉತ್ತರವಿತ್ತು. ನನ್ನ ಕನ್ನಡ ಯಾವಾಗಲೂ 'ರಿ' ಹಚ್ಚಿಕೊಂಡು ಬರುತ್ತದಂತೆ. ಒತ್ತರಿ ಅಂದಿದ್ದರೆ ಒತ್ತುತ್ತಿದ್ದೆ, 'ರಿ' ಇಲ್ಲದ್ದು ಕನ್ನಡ ಅಂತ ಹೇಗೆ ತಿಳಿಯಲಿ ಅಂದರು. ಅವಸರದಲ್ಲಿ ಅತ್ತೆಗೆ ಏಕವಚನ ಕೂಗಿದ ಸೊಸೆ ನಾನು! ಇಬ್ಬರೂ ಬಾನೆಟ್ಟಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಉಳಿದ ಎಣ್ಣೆಯಲ್ಲೇ ಮತ್ತೆ ಶುರುಮಾಡಿದೆವು. ನಾನು ಒತ್ತರಿ ಅಂದೆ, ಅವರು ಒತ್ತಿ ಹಿಡಿದರು. ನಳಿಗೆಯಲ್ಲಿ ಗುಳ್ಳೆಗಳು ಚಟಚಟನೆ ಹೊರಬಂದವು. ಚಕ್ರದಿಂದ ಚಕ್ರಕ್ಕೆ ಗುಳ್ಳೆ ಕಡಿಮೆಯಾಗಿ, ಕೊನೆಗೆ ಬರೀ ಎಣ್ಣೆ ಬಂತು. ಮೇಲಿಂದ ಅತ್ತೆ, ಇದು ಕಲ್ಲಾಗಿದೆ, ಕಾಲು ಇಳಿಯುವುದೇ ಇಲ್ಲ ಎಂದು ನನಗಿಂತ ಮೊದಲು ಸುದ್ದಿ ಕೊಟ್ಟರು. ಓಣಿಯಲ್ಲಿ ನಿಧಾನಕ್ಕೆ ಓಡಿಸಿ ನೋಡಿದೆ. ತುಳಿದ ಕಡೆ ನಿಂತಿತು. ಮತ್ತೆ ಮತ್ತೆ ತುಳಿದು, ಓಣಿಯವರಿಂದ ಬೈಸಿಕೊಂಡೆ.

ಸಂಜೆ ಯಜಮಾನರು ಬಂದಾಗ ನಾನು ಸ್ಟೀರಿಂಗ್ ಹಿಡಿದೇ ಕೂತಿದ್ದೆ, ಪಕ್ಕದ ಸೀಟಿನಲ್ಲಿ ಅತ್ತೆ. ನನ್ನನ್ನು ಇಳಿಸಿ ಯಜಮಾನರೂ ಓಣಿಯಲ್ಲಿ ಒಂದು ಸುತ್ತು ಓಡಿಸಿ ತಂದರು. ಆದರೂ ಕೊಟ್ಟ ಮಾತು ಅಂತ ಒಂದು ಇತ್ತಲ್ಲ. ಇಳಿದು ನನಗೆ ಸೀಟು ಬಿಟ್ಟುಕೊಟ್ಟು, ಕಿಟಕಿಯಲ್ಲಿ ಬಗ್ಗಿ, ಕಾರು ಕೊಟ್ಟುಬಿಡೋಣವೇ ಎಂದು ತಾಯಿಯನ್ನು ತೆಲುಗಿನಲ್ಲಿ ಕೇಳಿದರು.

"ಒದ್ದು" ಅಂದರು ಅತ್ತೆ.

ನನ್ನ ಕಾಲು ತಾನಾಗಿಯೇ ಪೆಡಲನ್ನು ಬಲವಾಗಿ ಒತ್ತಿತು. ಅದು ಜಗ್ಗಲಿಲ್ಲ. ಅತ್ತೆ ಬಗ್ಗಿ ನನ್ನ ಕಾಲು ನೋಡಿ ನಗತೊಡಗಿದರು.