ಅತ್ತೆಯ ಕೈಯಲ್ಲಿ ಸೊಸೆಯ ನಾಡಿ

ಇನ್ನೂ ಮಬ್ಬುಗತ್ತಲೆ. ತೂಬಗೆರೆ ಸಮೀಪದ ಹಳ್ಳಿಯಲ್ಲಿ ಡೇರಿಗೆ ಹಾಲು ಹಾಕುವವರು ಆಗಷ್ಟೇ ಮನೆಯಿಂದ ಹೊರಡುತ್ತಿದ್ದಾರೆ. ಆಶಾ ಕಾರ್ಯಕರ್ತೆ ಪ್ರಮೋದಾ ಅವರ ಸ್ಕೂಟರ್ ಅಕ್ಕಯಮ್ಮನವರ ಮನೆ ಮುಂದೆ ನಿಲ್ಲುತ್ತದೆ. ಅವರ ಕೆಲಸ ನೋಡಿ ಬರೆಯಲೆಂದು ನಾನೂ ಜತೆಗೆ ಬಂದಿದ್ದೇನೆ. ಒಳಕೋಣೆಯಲ್ಲಿ ಸೊಸೆ ಅಕ್ಷತ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಯತ್ತ ತಿರುಗಿ ಮಲಗಿದ್ದಾಳೆ. ಹೆರಿಗೆಯಾಗಿ ಎರಡು ವಾರ ದಾಟಿದೆ. ನಿದ್ದೆ ಹತ್ತುತ್ತಿಲ್ಲ. ಹಾಲೂಡಿಸಲು ಮಗುವನ್ನು ಯಾರಾದರೂ ತಂದು ಪಕ್ಕದಲ್ಲಿ ಮಲಗಿಸಬೇಕು. ತಾನಾಗಿ ಅವಳು ಒಮ್ಮೆಯೂ ಕೇಳಿಲ್ಲ.

ಪ್ರಮೋದಾ ಅವಳನ್ನು ಡಾಕ್ಟರಿಗೆ ತೋರಿಸಿದ್ದಾರೆ. ಇದು ಬಾಣಂತಿಯರನ್ನು ಕಾಡುವ ಖಿನ್ನತೆ, ಔಷಧಿಯ ಜತೆ ಬಯೋಫೀಡ್‌ಬ್ಯಾಕ್ ಕೂಡ ನಡೆಯಲಿ ಎಂದು ಡಾಕ್ಟರು ಹೇಳಿದ್ದಾರೆ. ಹೆಸರಷ್ಟೇ ದೊಡ್ಡದು, ವಿಷಯ ಸರಳ. ಬೆರಳಿಗೆ ಸಿಕ್ಕಿಸಿದ ಕ್ಲಿಪ್ ನಾಡಿ ಹಿಡಿಯುತ್ತದೆ, ಫೋನಿನಲ್ಲಿ ಗೆರೆ ಓಡುತ್ತದೆ. ಗಾಬರಿಯಾದರೆ ಗೆರೆ ಎಗರಾಡುತ್ತದೆ, ನಿಧಾನವಾಗಿ ಉಸಿರಾಡಿದರೆ ತಗ್ಗುತ್ತದೆ. ಅದನ್ನು ನೋಡುತ್ತಲೇ ಬಸುರಿ, ಬಾಣಂತಿಯರು ತಮ್ಮನ್ನು ತಾವೇ ಸಮಾಧಾನಕ್ಕೆ ತಂದುಕೊಳ್ಳಲು ಕಲಿಯುತ್ತಾರೆ.

ಇದನ್ನು ಕಲಿಸುವುದು ಮಾತ್ರ ಸರಳವಾಗಿರಲಿಲ್ಲ. ಪ್ರಮೋದಾ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ತರಬೇತಿ ಪಡೆದು ಬಂದ ಹೊಸದರಲ್ಲಿ ಕ್ಲಿಪ್ ಕಂಡರೆ ಸಾಕು, ಹೆಂಗಸರು ಹಿತ್ತಿಲ ಬಾಗಿಲು ಹಿಡಿಯುತ್ತಿದ್ದರು. "ಕೊರೋನಾ ಮಿಷನ್ ಅಂದ್ಕೊಂಡ್ಬಿಟ್ಟಿದ್ರು ಸಾರ್. ಹಾಕ್ಕೊಂಡೋರೂ ಪಾಸಾಗ್ಬೇಕು ಅಂತ ಉಸ್ರು ಬಿಗಿ ಹಿಡ್ಕೊಂಡು ಕೂರೋರು!" ಎಂದು ಪ್ರಮೋದಾ ನಗುತ್ತಾರೆ. ಆಮೇಲೆ ತರಬೇತಿಯ ಮಾತುಗಳನ್ನೆಲ್ಲ ಬದಿಗಿಟ್ಟು ತಮ್ಮದೇ ಪಾಠ ಕಟ್ಟಿದರು: "ಒಲೆ ಊದೋ ಹಂಗಲ್ಲ ಕಣವ್ವ, ಬಿಸಿ ಹಾಲು ಆರಿಸೋ ಹಂಗೆ ಊದು." ಈಗ ದಿನಕ್ಕೆ ಐದಾರು ಮನೆಗಳಲ್ಲಿ ಈ ಹಾಲು ಆರಿಸುವ ಪಾಠ ನಡೆಯುತ್ತದೆ. ಫ್ಯಾಕ್ಟರಿಗೆ ಹೋಗುವ ಬಸುರಿಯರು ಬಸ್ ಹಿಡಿಯುವ ಮೊದಲೇ ಸಿಗಬೇಕಾದ್ದರಿಂದ ಕೋಳಿಗಿಂತ ಮುಂಚೆ ಪ್ರಮೋದಾ ಅವರೇ ಏಳುತ್ತಾರೆ.

ಅಕ್ಷತಳ ಮನೆಯಲ್ಲಿ ತೊಡಕೇ ಬೇರೆ. "ಬಾಣಂತಿ ಫೋನ್ ನೋಡಿದ್ರೆ ಕಣ್ಣು ಹೋಯ್ತದೆ" ಎಂಬುದು ಅಕ್ಕಯಮ್ಮನವರ ಕಟ್ಟಪ್ಪಣೆ. ತಾಯಿಯಿಲ್ಲದ ಹುಡುಗಿ ಎಂದು ಎಣ್ಣೆನೀರು, ಮೆಣಸಿನ ಸಾರು, ಒಂದಕ್ಕೂ ಕಮ್ಮಿ ಮಾಡದೆ ಬಾಣಂತನ ಮಾಡುತ್ತಿರುವ ಅತ್ತೆ ಅವರು. ದನಿಯೊಂದೇ ಜೋರು, ಹತ್ತಿ ಇಟ್ಟ ಕಿವಿಯನ್ನೂ ಬಿಡುವುದಿಲ್ಲ. ಅವರೊಡನೆ ವಾದಕ್ಕಿಳಿಯದ ಪ್ರಮೋದಾ ಇಂದು ಸೊಸೆಯ ಬೆರಳಿಗೆ ಕ್ಲಿಪ್ ಸಿಕ್ಕಿಸಿ, ಮೆಲ್ಲಗೆ ಊದುತ್ತಿರಲು ಹೇಳಿ, ಫೋನನ್ನು ಪಡಸಾಲೆಗೆ ತಂದು ಅತ್ತೆಯ ಕೈಗೇ ಕೊಡುತ್ತಾರೆ: "ಅವಳು ನೋಡೋದು ಬ್ಯಾಡ. ನೀವ್ ನೋಡಿ ಹೇಳಿ."

ಅಕ್ಕಯಮ್ಮ ಕಣ್ಣು ಕಿರಿದು ಮಾಡಿ ಗೆರೆ ನೋಡುತ್ತಾರೆ. ಅದು ಮೆಲ್ಲಗೆ ತಗ್ಗುತ್ತಿದೆ. "ಇಳೀತೈತೆ ಕಣಮ್ಮ!" ಎಂದು ಹಿಗ್ಗಿ, ಅದೇ ಉಸಿರಿನಲ್ಲಿ ಒಳಗೆ ಕೂಗುತ್ತಾರೆ: "ಲೇ ಹುಡ್ಗಿ, ಕಷಾಯ ಕುಡಿದ್ಯೋ, ಆರಾಕ್ಬಿಟ್ಯೋ?"

ಗೆರೆ ಚಂಗನೆ ಮೇಲಕ್ಕೆ ಹೋಗುತ್ತದೆ.

"ಇದ್ಯಾಕೆ ಎಗರ್ತು?"

ಪ್ರಮೋದಾ ಗೆರೆಯತ್ತಲೇ ಬೆರಳು ತೋರಿಸುತ್ತಾರೆ. ಗೆರೆ ತಗ್ಗುತ್ತದೆ. ಅಕ್ಕಯಮ್ಮ ಮತ್ತೊಮ್ಮೆ ಕೂಗುತ್ತಾರೆ, ಅದು ಮತ್ತೆ ಏರುತ್ತದೆ. ಅವರ ಮುಖ ಸಣ್ಣದಾಗುತ್ತದೆ.

"ನಾನು ಬೈದಿಲ್ವಲ್ಲ ಪ್ರಮೋದಮ್ಮ. ನನ್ ದನೀನೇ ಹಿಂಗೆ."

"ಬೈದ್ರಿ ಅಂತ ಯಾರೂ ಅನ್ನಲ್ಲ ಅಮ್ಮ. ಅವಳಿಗೆ ಅದು ಗೊತ್ತಿಲ್ವಲ್ಲ."

ಅಕ್ಕಯಮ್ಮ ಫೋನನ್ನು ಪ್ರಮೋದಾ ಕೈಗಿಟ್ಟು ಒಳಗೆ ಹೋಗಿ ಸೊಸೆಯ ತಲೆದೆಸೆಯಲ್ಲಿ ಕೂರುತ್ತಾರೆ. "ಅಕ್ಷತ, ರಾತ್ರಿ ನಿದ್ದೆ ಬಂತೇನವ್ವ?" ಅಷ್ಟು ಮೆತ್ತಗಿನ ದನಿ ಆ ಬಾಯಿಂದ ಬರುತ್ತದೆಂದು ಹೊರಗಿದ್ದ ನಾನಂತೂ ಎಣಿಸಿರಲಿಲ್ಲ. ಒಳಗಿನಿಂದ ಅಳು ಕೇಳಿಸುತ್ತದೆ, ಬಹಳ ಹೊತ್ತು. ಫೋನಿನ ಗೆರೆ ಏರಿ, ನಡುಗಿ, ನಿಧಾನವಾಗಿ ಇಳಿಯುತ್ತದೆ. ಆಮೇಲೆ ಅಕ್ಷತಳ ದನಿ: "ಅತ್ತೆ, ಮಗು ಎಲ್ಲಿ? ಕೊಡಿ."

ಅಕ್ಕಯಮ್ಮ ಓಡಿಹೋಗಿ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಳ್ಳುತ್ತಾರೆ. ನನ್ನ ಕಣ್ಣೂ ಒದ್ದೆಯಾಗಿದೆ, ಮುಚ್ಚಿಡುವುದೇನು.

ಒಂದು ದಿನಕ್ಕೆ ಎಲ್ಲ ಸರಿಹೋಗುವುದಿಲ್ಲ, ನಾಳೆಯೂ ಬರಬೇಕು ಎನ್ನುತ್ತಾ ಪ್ರಮೋದಾ ಸ್ಕೂಟರಿನ ಬಳಿ ಬರುತ್ತಾರೆ. ಈ ಕೆಲಸಕ್ಕೆ ಇಷ್ಟೊಂದು ಯಾಕೆ ಅಂಟಿಕೊಂಡಿರಿ ಎಂದು ಕೇಳುತ್ತೇನೆ.

"ನನ್ ಮೊದಲ್ನೇ ಬಾಣಂತನದಲ್ಲಿ ನಾನೂ ಹಿಂಗೇ ಗೋಡೆ ನೋಡ್ಕೊಂಡು ಮಲಗಿದ್ದೆ ಸಾರ್. ಕೊಬ್ಬು ಅಂದ್ರು," ಎನ್ನುತ್ತಾ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾರೆ. "ನಾನು ಹೋಗೋ ಮನೆಗಳಲ್ಲಿ ಈಗ ಆ ಮಾತು ಯಾರೂ ಆಡಲ್ಲ. ಆಡೋಕೆ ನಾನು ಬಿಡಲ್ಲ."